ಕಲ್ಲು ಇದ್ದಲ್ಲಿಗೆ ಪ್ಲಾಟು

ವಿರೂಪಾಕ್ಷಪ್ಪ: ಆ ನೀರು ನಂದಲ್ಲ ಅಂದ್ರ ನಂದಲ್ಲ! ಮ್ಯಾಲಿಂದ ಬಂತು, ತೆಳಗ ಹೋತು. ನಡುವ ನಾ ಏನ್ ಮಾಡೀನಿ?

ಈಶಪ್ಪ: ನಡುವ ನೀವು ಸ್ಲ್ಯಾಬ್ ಹಾಕೀರಿ ಸಾವ್ಕಾರ್ರ. ಅಂಗಳಕ್ಕೆಲ್ಲಾ ಫರಸಿ ಕಲ್ಲು ಹಾಸೀರಿ. ಮೊದಲ ಅಲ್ಲಿ ಎರಿ ಹೊಲ ಇತ್ತು, ಬಿದ್ದ ನೀರು ಕುಡೀತಿತ್ತು. ಈಗ ಒಂದ್ ಹನಿನೂ ಕುಡಿಯಂಗಿಲ್ಲ.

ವಿರೂಪಾಕ್ಷಪ್ಪ: ಕುಡಿಯಲಾರದ್ದಕ್ಕ ದಂಡ ಹಾಕೋ ಊರು ಇದೊಂದ ನೋಡ್ರಿ!

ಈಶಪ್ಪ: ದಂಡ ಅಲ್ರಿ, ಗಟಾರ ಪಟ್ಟಿ. ಹೊಸಾ ಮನಿ ಕಟ್ಟಿದವರು ರೊಕ್ಕಾ ತುಂಬಬೇಕು, ಅದರಾಗ ಮಳಿನೀರಿಗೆ ಗಟಾರ ತೋಡಬೇಕು ಅಂತ ಠರಾವು ಆಗೈತಿ. ಗುಡ್ಡದ ಪ್ಲಾಟಿನವರು ಎಲ್ಲಾರೂ ತುಂಬ್ಯಾರ, ನೀವೊಬ್ರ ಬಾಕಿ.

ಮುನ್ಸಿಪಾಲಿಟಿಯ ಬಾಗಿಲಲ್ಲಿ ನಿಂತಿದ್ದ ಫಕೀರಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತೆ ಹತ್ತಿ ವ್ಯಾಪಾರಿ ವಿರೂಪಾಕ್ಷಪ್ಪನೂ ಗುಮಾಸ್ತ ಈಶಪ್ಪನೂ ಜಗ್ಗಾಡುತ್ತಿದ್ದರು. ಹೋಗುತ್ತಿದ್ದದ್ದು ಅವಳ ಮನೆ. ಗುಡ್ಡದ ಬುಡದ ಹಳೆಯ ಮಣ್ಣಿನ ಮನೆ ಅದು. ಮೊನ್ನೆಯ ಮಳೆಗೆ ಸಾವ್ಕಾರನ ಅಂಗಳದ ನೀರೆಲ್ಲ ನುಗ್ಗಿ ಅಡಿಗೆಮನೆಯ ಹಿಂದಿನ ಗೋಡೆ ಅರ್ಧ ಕುಸಿದಿತ್ತು. ಇನ್ನೊಂದು ಮಳೆ ಬಂದರೆ ಉಳಿದರ್ಧವೂ ಹೋಯಿತೆಂದೇ ಲೆಕ್ಕ. ಗಟಾರವಾದರೆ ಮನೆ ಉಳಿದೀತು. ಈ ಪುಣ್ಯಾತ್ಮ ಕೈ ಬಿಚ್ಚಿದರೆ ಗಟಾರವಾದೀತು. ಅವಳಿಗೆ ಕೆಟ್ಟ ಸಿಟ್ಟು ಬಂದಿತ್ತು. ಆದರೆ ಸಿಟ್ಟಿನಿಂದ ಯಾವ ಗೋಡೆಯೂ ನಿಲ್ಲುವುದಿಲ್ಲವಲ್ಲ!

ಫಕೀರಬಿ: ಸಾವ್ಕಾರ್ರ, ನೀರು ನಿಮ್ಮದಲ್ಲ, ಆತು. ಅದರ ಜೋಡಿ ಉರುಳಿ ಬಂದು ನನ್ನ ಅಡಗಿಮನ್ಯಾಗ ಕುಂತೈತಲ್ರಿ ಕಲ್ಲು, ಅದಾದ್ರೂ ನಿಮ್ಮದೋ ಅಲ್ಲೋ?

ವಿರೂಪಾಕ್ಷಪ್ಪ: ಯಾವ ಕಲ್ಲು?

ಫಕೀರಬಿ: ಮೊಳದುದ್ದದ್ದು. ಕೆಂಪು ಬಣ್ಣದಾಗ ನಿಮ್ಮ ಹೆಸರು ಬರದೈತಿ. ಒಲಿ ಮಗ್ಗಲಕ್ಕ ಬೆಚ್ಚಗ ಕುಂತೈತಿ.

ವಿರೂಪಾಕ್ಷಪ್ಪ: ನನ್ನ ಪ್ಲಾಟಿನ ಗಡಿಕಲ್ಲು! ನಿನ್ನಿಯಿಂದ ಹುಡುಕಾಕತ್ತೀನಿ... ಈಶಪ್ಪ, ಪ್ಲಾಟಿನ ಗಡಿ-ಹದ್ದು ಎಲ್ಲಿತನಕ ಅಂತ ಹೆಂಗ ಹಿಡೀತೀರಿ ನೀವು?

ಈಶಪ್ಪ: ಕಲ್ಲು ಎಲ್ಲಿ ಐತೋ ಪ್ಲಾಟು ಅಲ್ಲಿತನಕ. ನಾವು ಮಂದಿ ಮಾತು ನಂಬಂಗಿಲ್ರಿ, ಕಲ್ಲು ನಂಬತೀವಿ.

ವಿರೂಪಾಕ್ಷಪ್ಪನ ಮುಖ ಅರಳಿತು. ತೋಯ್ದ ಹತ್ತಿಯನ್ನು ಒಣ ಹತ್ತಿಯ ದರಕ್ಕೆ ಮಾರಿ ಬಂದ ದಿನವೂ ಅದು ಅಷ್ಟು ಅರಳಿರಲಿಕ್ಕಿಲ್ಲ.

ವಿರೂಪಾಕ್ಷಪ್ಪ: ಹಂಗಾರ ನನ್ನ ಪ್ಲಾಟು ಈಕಿ ಒಲಿತನಕ ಐತಿ! ನನ್ನ ಸ್ಲ್ಯಾಬಿನ ನೀರು ನನ್ನ ಪ್ಲಾಟಿನಾಗ ನಿಂತೈತಿ. ಹದ್ದು ದಾಟದ ನೀರಿಗೆ ಪಟ್ಟಿ ಯಾಕ್ರಿ?

ಈಶಪ್ಪ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು ಗಹನವಾಗಿ ಯೋಚಿಸಿದ.

ಈಶಪ್ಪ: ಕಾಯದೆ ಪ್ರಕಾರ ಮಾತು ಖರೆ ಐತಿ. ಹೊರಗ ಹೋಗದ ನೀರಿಗೆ ಪಟ್ಟಿ ಇಲ್ಲ.

ವಿರೂಪಾಕ್ಷಪ್ಪ: ಬರಕೋರಿ ಮತ್ತ!

ಫಕೀರಬಿಯ ಗೋಡೆ ಹೋಗಿತ್ತು, ಈಗ ಒಲೆಯೂ ಹೋಯಿತು.

ಫಕೀರಬಿ: ಬರಕೋರಿ ಅಣ್ಣಾರ, ನನ್ನ ತಕರಾರಿಲ್ಲ. ಹಂಗಾರ ನನ್ನ ಮನಿ, ಅವರ ಮನಿ ಎಲ್ಲಾ ಒಂದ ಆತಲ್ರಿ?

ಈಶಪ್ಪ: ಒಂದ ಪ್ಲಾಟು ಅಂದಮ್ಯಾಲ ಒಂದ ಮನಿ. ನಿಮ್ಮದು ತೆಳಗಿನ ಖೋಲಿ, ಅವರದು ಮ್ಯಾಲಿನ ಖೋಲಿ.

ಫಕೀರಬಿ: ತೆಳಗಿನ ಖೋಲ್ಯಾಗ ನೀರು ತುಂಬಿದ್ರ ಮನಿ ಮಂದಿ ಎಲ್ಲಿಗೆ ಹೋಗ್ತಾರ್ರಿ?

ಈಶಪ್ಪ: ಮ್ಯಾಲಿನ ಖೋಲಿಗೆ. ಅದೇನ್ ಕೇಳೂದು?

ವಿರೂಪಾಕ್ಷಪ್ಪ: ಏ, ಏ! ಎಂಥಾ ಮಾತಿದು!

ಫಕೀರಬಿ: ನಮ್ಮ ಮಂದಿ ಬಾಳ ಇಲ್ರಿ ಸಾವ್ಕಾರ್ರ. ಮಕ್ಕಳು, ಸೊಸೆಂದ್ರು, ಮೊಮ್ಮಕ್ಕಳು, ನಮ್ಮತ್ತಿ. ಅತ್ತಿಗೆ ರಾತ್ರಿಯೆಲ್ಲಾ ಕೆಮ್ಮು, ಅಷ್ಟ. ಎಮ್ಮಿನ್ನ ಫರಸಿ ಮ್ಯಾಲ ಕಟ್ಟಿದ್ರಾತು.

ವಿರೂಪಾಕ್ಷಪ್ಪ: ಎಮ್ಮಿ! ಹೊಸಾ ಫರಸಿ ಮ್ಯಾಲ ಎಮ್ಮಿ!

ಫಕೀರಬಿ: ಆಡು ಮುಂಜಾನೆನ ಹತ್ತಿ ಹೋಗ್ಯಾವು. ಕಾಯದೆ ಅವಕ್ಕ ನಮಗಿಂತ ಮೊದಲ ತಿಳದೈತಿ.

ವಿರೂಪಾಕ್ಷಪ್ಪ: ಅಯ್ಯಯ್ಯ, ಅಂಗಳದಾಗ ನಮ್ಮಾಕಿ ಮಲ್ಲಿಗಿ ಬಳ್ಳಿ ಹಚ್ಯಾಳ!

ಫಕೀರಬಿ: ಪಾಪ, ಇಷ್ಟೊತ್ತಿಗೆ ಬರೇ ಬೇರು ಉಳದಿರಬೇಕು.

ವಿರೂಪಾಕ್ಷಪ್ಪ ಕೋಟಿನ ಒಳಗಿಸೆಗೆ ಕೈ ಹಾಕಿ ನೋಟುಗಳನ್ನು ಮೇಜಿನ ಮೇಲೆ ಬಡಿದ.

ವಿರೂಪಾಕ್ಷಪ್ಪ: ತಗೋರಿ! ಅದು ಗಡಿಕಲ್ಲಲ್ಲ, ಖಾರ ಅರಿಯೋ ಕಲ್ಲು, ಆಕಿನ ಇಟ್ಕೊಳ್ಳಲಿ. ಆಕಿ ಮನಿ ಆಕೀದು. ನೀರು ನಂದು, ಪೂರಾ ನಂದು! ಪಾವತಿ ಹರೀರಿ, ಜಲ್ದಿ!

ಈಶಪ್ಪ ಪಾವತಿ ಹರಿದು ಶಿಕ್ಕೆ ಒತ್ತಿದ. ಫಕೀರಬಿಗೆ ಕಣ್ಣು ತುಂಬಿ ಬಂದವು. ಸಾವ್ಕಾರ ಕೂಡ ಒಳ್ಳೆಯವನೇ ಅನ್ನಿಸಿಬಿಟ್ಟಿತು.

ಫಕೀರಬಿ: ಎಲ್ಲಾರ ರೊಕ್ಕಾ ಬಂತಲ್ರಿ ಅಣ್ಣಾರ. ಗಟಾರ ನಾಳೆ ತೋಡ್ತೀರೋ, ನಾಡದೋ?

ಈಶಪ್ಪ: ಮಳಿಗಾಲದಾಗ ಮಳಿನೀರಿನ ಗಟಾರ ಯಾರ ತೋಡ್ತಾರ್ರಿ ಅಕ್ಕಾರ? ಎರಿ ಮಣ್ಣು, ಹಾರಿ ಹಾಕಿದ್ರ ಹಾರಿನ ಹೊರಗ ಬರಂಗಿಲ್ಲ. ದೀಪಾವಳಿ ಆಗಲಿ, ನೆಲ ಒಣಗಲಿ, ನೋಡೂಣು.

ಕುರ್ತಕೋಟಿಯ ಕಡೆ ಗುಡುಗು ಗುಡುಗಿತು. ವಿರೂಪಾಕ್ಷಪ್ಪ ಪಾವತಿಯನ್ನು ಕಿಸೆಗೆ ತುರುಕಿಕೊಂಡು ಅವಸರವಾಗಿ ಚಪ್ಪಲಿ ಮೆಟ್ಟಿದ. ಅವನಿಗೆ ದಾರಿ ಬಿಟ್ಟು ಫಕೀರಬಿ ಬಾಗಿಲ ಮಗ್ಗುಲಿಗೆ ಸರಿದು ನಿಂತಳು.

ಫಕೀರಬಿ: ನೀವು ಮುಂದ ನಡೀರಿ ಸಾವ್ಕಾರ್ರ, ನಿಮ್ಮ ನೀರು ನಮ್ಮ ಮನಿಗೆ ಬಂದ್ರ ನಾವು ನಿಮ್ಮ ಮನಿಗೆ, ನಾ ಹಾಸಿಗಿ ಕಟಗೊಂಡು ಹಿಂದನ ಬಂದೆ. ಮನ್ಯಾಗ ಅಕ್ಕಾರಿಗೆ ಹೇಳ್ರಿ, ದೀಪಾವಳಿ ತನಕ ರೊಟ್ಟಿ ಬಡಿಯೂದು ನನ್ನ ಪಾಲಿಗೆ ಬಿಡ್ರಿ ಅಂತ.