ಬಿಡಿಭಾಗ ಸಂಖ್ಯೆ ಮೂರು

ಸೇನೆಯ ಲಾರಿಯು ಡೀಸೆಲ್ ಇಲ್ಲದೆ ಚಲಿಸಬಲ್ಲದು ಎಂಬುದು ೧೯೭೪ರ ಜೂನ್ ತಿಂಗಳಲ್ಲಿ ನಿರ್ವಿವಾದವಾಗಿ ಸಿದ್ಧವಾಯಿತು. ಲಾರಿಯು ಕಲ್ಲೂರಿನಿಂದ ಮಾನ್ವಿಯವರೆಗೆ ಚಲಿಸಿದ್ದನ್ನು ದಾರಿಯುದ್ದಕ್ಕೂ ಜನ ಕಣ್ಣಾರೆ ಕಂಡಿದ್ದಾರೆ. ಎಳೆದ ಎತ್ತುಗಳು ರಾಯಚೂರಿನ ಗಂಜ್ ಮಾರುಕಟ್ಟೆಯ ಗಾಡಿಯವನಾದ ಮೌಲಾಹುಸೇನನವು.

ವಿಷಯವನ್ನು ಕ್ರಮವಾಗಿ ಹೇಳತಕ್ಕದ್ದು. ತೈಲದ ಬೆಲೆ ಏರಿತ್ತು. ಸೇನಾ ವಾಹನಗಳಿಗೆ ಬದಲಿ ಶಕ್ತಿ ಹುಡುಕಲು ಒಂದು ಸಮಿತಿ ರಚನೆಯಾಗಿ ರಾಯಚೂರಿಗೆ ಬಂದಿಳಿಯಿತು. ಏಕೆಂದರೆ ಇಲ್ಲಿ ಅಕ್ಕಿ ಗಿರಣಿಗಳಿವೆ, ಗಿರಣಿಗಳ ಹಿಂದೆ ಗುಡ್ಡದಷ್ಟು ಹೊಟ್ಟಿದೆ. ಹೊಟ್ಟನ್ನು ಸುಟ್ಟು ಅನಿಲ ಮಾಡುವ ಡ್ರಮ್ಮನ್ನು ಲಾರಿಯ ಬೆನ್ನಿಗೆ ಬಿಗಿದರು. ಡ್ರಮ್ಮು ಕುಳಿತ ಮೇಲೆ ಹೊಟ್ಟು ತುಂಬಲು ಜಾಗ ಉಳಿಯಲಿಲ್ಲ. ಆದ್ದರಿಂದ ಮೌಲಾಹುಸೇನನ ಗಾಡಿಯನ್ನು ಒಂದು ದಿನದ ಮಟ್ಟಿಗೆ ಗೊತ್ತುಮಾಡಿದರು.

ಹೊರಡುವಾಗಲೇ ಹೆಂಡತಿ ಹಾಜಿರಾ ಬೀ ಎಚ್ಚರಿಸಿದ್ದಳು. "ಬರೋ ಶುಕ್ರವಾರ ಜುಮ್ಮಾಕ್ಕ ಜಾಹೆದಾನ ನಿಕಾ ಅದ, ನೆಪ್ಪದ ಇಲ್ಲ? ಮಗಳು ದೇವದುರ್ಗಕ್ಕ ನಮ್ಮ ಎತ್ತಿನ ಗಾಡ್ಯಾಗ ಹೋಗಬೇಕು. ಸರಕಾರದವರ ಬೆನ್ನು ಹತ್ತಿ ಕುಂತೀ ಮತ್ತ."

"ಒಂದ ದಿನದ ಮಾತು ಬೇ," ಎಂದು ಅವನು ಗಾಡಿ ಹೂಡಿದನು.

ಇಂಧನವನ್ನು ಹಿಂದೆ ಬಿಟ್ಟು ವಾಹನ ಮುಂದೆ ಹೋಗಕೂಡದೆಂಬ ನಿಯಮದಂತೆ ಲಾರಿಯು ಎತ್ತಿನ ನಡಿಗೆಯಲ್ಲಿಯೇ ಸಾಗಿತು. ಕಲ್ಲೂರಿನಲ್ಲಿ ಡ್ರಮ್ಮಿಗೆ ಬೂದಿ ಕಟ್ಟಿ, ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತಿತು. ಸಮಿತಿಯ ಕ್ಯಾಪ್ಟನ್ ಸಾಹೇಬರು ಗಡಿಯಾರ ನೋಡಿದರು.

"ನಿನ್ನ ಎತ್ತುಗಳನ್ನು ಲಾರಿಗೆ ಹೂಡು."

"ಹೂಡ್ತೀನ್ರಿ ಸಾಹೇಬ್ರ. ಆದ್ರ ಇದಕ್ಕ ನೊಗ ಇಲ್ಲಲ್ರಿ."

"ನೊಗ ಮಂಜೂರಾಗಿದೆ."

ಮಾಸ್ಯಾ, ಕೆಂಚ್ಯಾ ಎಂಬ ಆ ಜೋಡಿ ಸಂಜೆಯೊಳಗೆ ಲಾರಿಯನ್ನು ಮಾನ್ವಿಗೆ ಮುಟ್ಟಿಸಿ, ಮರುದಿನ ರಾಯಚೂರಿನ ಶೆಡ್ಡಿಗೆ ತಂದು ನಿಲ್ಲಿಸಿತು. ಸಮಿತಿಯ ವರದಿ ಹೀಗಿತ್ತು: ಡೀಸೆಲ್ ವೆಚ್ಚ, ಇಲ್ಲ. ಹೊಗೆ, ಇಲ್ಲ. ಶಬ್ದ, ಕೊರಳ ಗಂಟೆಯದು ಮಾತ್ರ. ಶತ್ರುವಿಗೆ ಅನುಮಾನ ಬಾರದು. ಹಿಂದಕ್ಕೆ ಚಲಿಸುವ ಸಾಮರ್ಥ್ಯ, ಇಲ್ಲ. ಆದುದರಿಂದ ಸೇನೆ ಹಿಮ್ಮೆಟ್ಟುವ ಪ್ರಶ್ನೆಯೇ ಉದ್ಭವಿಸದು.

ಮೌಲಾಹುಸೇನನು ಕೊರಳ ಹಗ್ಗಕ್ಕೆ ಕೈ ಹಾಕಿದಾಗ ಉಗ್ರಾಣದ ಮೇಲ್ವಿಚಾರಕ ಶಂಭುಲಿಂಗಪ್ಪನವರು ಓಡಿ ಬಂದರು.

"ಏನು ಮಾಡಾಕತ್ತೀಯೋ?"

"ಎತ್ತು ಬಿಚ್ಚಾಕತ್ತೀನ್ರಿ. ಮನಿಗಿ ಹೋಗಬೇಕು."

"ಎಲ್ಲಿ ಅವ ಎತ್ತು?" ಅವರು ದಾಖಲೆ ಪುಸ್ತಕ ತೆರೆದು ತೋರಿಸಿದರು. "ಎಂಜಿನ್, ಭಾಗ ಒಂದು. ಎಂಜಿನ್, ಭಾಗ ಎರಡು. ಕೊಂಬಿನ ಮ್ಯಾಲೆ ನಂಬರ್ ಹೊಡದೀವಿ. ಸೇನಾ ವಾಹನದ ಎಂಜಿನ್ ಬಿಚ್ಚಿದವಗ ಏಳು ವರ್ಷ ಜೈಲು."

"ಎಂಜಿನ್ ಸಗಣಿ ಹಾಕಾಕತ್ತದ ನೋಡ್ರಿ!"

"ಅದಕ್ಕೂ ಕಲಂ ಅದ. ಸೋರಿಕಿ ಅಂತ ಬರೀತೀವಿ."

ಅರ್ಜಿ ಕೊಟ್ಟಾಯಿತು. ಕೆಟ್ಟು ನಿಂತ ಎಂಜಿನ್ನನ್ನು ಮಾತ್ರ ಹಿಂತಿರುಗಿಸಬಹುದೆಂದು ಉತ್ತರ ಬಂತು. ಮೌಲಾಹುಸೇನನಿಗೆ ದಾರಿ ಹೊಳೆಯಿತು. ಮರುದಿನ ಅವನು ಶೆಡ್ಡಿನ ಕಡೆ ಸುಳಿಯಲಿಲ್ಲ. ಎತ್ತುಗಳು ಹೆಜ್ಜೆ ಕೀಳಲಿಲ್ಲ. ಜವಾನರು ನೂಕಿದರು, ಕ್ಯಾಪ್ಟನ್ನರು ಎರಡು ಭಾಷೆಗಳಲ್ಲಿ ಆಜ್ಞೆ ಮಾಡಿದರು. ಮಂಗಳವಾರ ಮಧ್ಯಾಹ್ನ, ಎಂಜಿನ್ ಕೆಟ್ಟಿದೆಯೆಂದು ಬರೆಯಲು ಲೇಖನಿ ಎತ್ತಿ, ಸಾಕ್ಷಿಗಾಗಿ ಅವನನ್ನು ಕರೆಸಿದರು.

"ಇವು ಏಕೆ ನಡೆಯುವುದಿಲ್ಲ?"

ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ಆದರೆ ತಾನು ಕರುವಿನಿಂದ ಸಾಕಿದ ಜೋಡಿಗೆ ಕುಂದು ಬರುವುದನ್ನು ಅವನು ಸಹಿಸಲಿಲ್ಲ.

"ನಡೀದೇನ್ರಿ? ನನ್ನ ದನಿ ಕೇಳಿದ್ರ ದಿಲ್ಲಿ ತನಕ ನಡೀತಾವ. ಹೋಯ್, ಹೋಯ್!"

ಲಾರಿ ಹೊರಟಿತು.

"ಹಾಗಾದರೆ ಎಂಜಿನ್ ಕೆಟ್ಟಿಲ್ಲ," ಎಂದರು ಕ್ಯಾಪ್ಟನ್ನರು. "ಸ್ಟಾರ್ಟರ್ ಹೊರಗೆ ಉಳಿದಿತ್ತು."

ಅಂದೇ ಅವನನ್ನು ಬಿಡಿಭಾಗ ಸಂಖ್ಯೆ ಮೂರು ಎಂದು ದಾಖಲಿಸಿ, ಕೊರಳಿಗೆ ತಗಡಿನ ಬಿಲ್ಲೆ ಕಟ್ಟಿದರು. ಬಿಡಿಭಾಗಗಳು ಶೆಡ್ಡು ಬಿಡತಕ್ಕದ್ದಲ್ಲ. ಹಾಜಿರಾ ಬೀ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳನ್ನು ಕೀಲೆಣ್ಣೆ ಎಂಬ ಶೀರ್ಷಿಕೆಯಡಿ ಒಳಗೆ ಬಿಟ್ಟರು.

ಗುರುವಾರ ಅವಳು ಶಂಭುಲಿಂಗಪ್ಪನವರ ಮೇಜಿನ ಮುಂದೆ ನಿಂತಳು.

"ಎತ್ತು ನೀವ ಇಟ್ಕೊರಿ. ಗಂಡನ್ನರ ಕೊಡ್ರಿ. ಅಪ್ಪ ಇಲ್ದ ನಿಕಾ ಹೆಂಗ ಮಾಡ್ಲಿ?"

ಅವರು ನಿಯಮಾವಳಿ ತಿರುವಿದರು. ಅವಕಾಶವಿತ್ತು. ಚೀಟಿ ಬರೆದು ಗಟ್ಟಿಯಾಗಿ ಓದಿದರು: "ಬಿಡಿಭಾಗ ಒಂದು. ಎರಡು ದಿನದ ಎರವಲು. ಚಾಲ್ತಿ ಸ್ಥಿತಿಯಲ್ಲಿ ಮರಳಿಸತಕ್ಕದ್ದು. ಹೆಬ್ಬೆಟ್ಟು ಒತ್ತವ್ವಾ."

ಹಾಜಿರಾ ಬೀ ಒತ್ತಲಿಲ್ಲ. ಶೆಡ್ಡಿನಿಂದ ತಂದು ನಿಲ್ಲಿಸಿದ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಇದು ಮಲಗಿದಾಗ ಕೆಮ್ಮತದ್ರಿ. ಮೊದಲಿಂದ ಕೆಮ್ಮತಿತ್ತು ಅಂತ ಬರ್ಕೊರಿ. ನಾಳೆ ನಾ ಕೆಡಿಸಿದೆ ಅನಬ್ಯಾಡ್ರಿ."

ಶಂಭುಲಿಂಗಪ್ಪನವರು ಅವಳನ್ನು ಗೌರವದಿಂದ ನೋಡಿ, ಬರೆದುಕೊಂಡರು. ಆಗ ಒತ್ತಿದಳು.

ನಿಕಾ ನಡೆಯಿತು. ಜಾಹೆದಾ ದೇವದುರ್ಗಕ್ಕೆ ಬಸ್ಸಿನಲ್ಲಿ ಹೋದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಾಜಿರಾ ಬೀ ಗಂಡನ ಬಿಲ್ಲೆಯನ್ನು ಸೆರಗಿನಿಂದ ಒರೆಸಿ, ಅವನನ್ನು ಮೇಜಿನ ಮುಂದೆ ನಿಲ್ಲಿಸಿ, ಚೀಟಿ ಮುಂದೆ ಮಾಡಿದಳು.

"ಒಮ್ಮಿ ಚಾಲೂ ಮಾಡಿ ತೋರಸವ್ವಾ," ಎಂದರು ಶಂಭುಲಿಂಗಪ್ಪನವರು.

ಅವಳು ಗಂಡನ ಬೆನ್ನಿಗೆ ಮೆಲ್ಲಗೆ ತಟ್ಟಿದಳು. ಮೌಲಾಹುಸೇನನು ಎರಡು ಸಲ ಕೆಮ್ಮಿ, ದನಿ ಏರಿಸಿ, "ಹೋಯ್, ಹೋಯ್!" ಎಂದನು. ಗೋಡೆಯ ಆಚೆ ಶೆಡ್ಡಿನಲ್ಲಿ ಗಂಟೆ ಅಲುಗಿತು, ಲಾರಿ ಹೊರಟಿತು.

ಶಂಭುಲಿಂಗಪ್ಪನವರು ವೇಳೆ ಗುರುತಿಸಿ ಸಹಿ ಮಾಡಿದರು.