ಬಾಗಿಲು ತಟ್ಟಿ ಸುಮ್ಮನೆ ನಿಂತಿರುವ ಕೌಂಟರಿನ ಕ್ಲೈಂಟ್ ಮಹಾಶಯರಿಗೆ

ಲಾಂಡ್ರಿಯ ಮುಂಭಾಗದ ಕೌಂಟರಿನ ಮೇಲೆ, ಹ್ಯಾಂಗರುಗಳ ರಾಶಿಗೂ ಗುಂಡುಪಿನ್ನಿನ ಡಬ್ಬಿಗೂ ನಡುವೆ ವಿರಾಜಮಾನರಾಗಿರುವ ಕ್ಲೈಂಟ್ ಪ್ರೋಗ್ರಾಮ್ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಹಿಂದಿನ ಓಣಿಯ ಒಗೆಯುವ ಕೋಣೆಯಿಂದ, ಮೊಣಕೈವರೆಗೂ ಸೋಪಿನ ನೊರೆ ಮೆತ್ತಿಕೊಂಡೇ, ತಮ್ಮೊಡನೆ ಮಾತಾಡಬೇಕಾದ ಸರ್ವರ್ ಎಂಬ ಪ್ರೋಗ್ರಾಮನ್ನು ಬರೆದವನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕುಳಿತಿರುವ ಕಂಪ್ಯೂಟರಿನ ಫ್ಯಾನು ಚೆನ್ನಾಗಿ ತಿರುಗುತ್ತಿದೆಯೆಂದೂ ತಮಗೆ ಸೆಕೆಯಾಗುತ್ತಿಲ್ಲವೆಂದೂ ನಂಬಿದ್ದೇನೆ. ಈ ಪತ್ರವನ್ನು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸುತ್ತಿರುವುದು ದಾರಿಹೋಕರೂ ಓದಲಿ ಎಂದೇ. ತಮ್ಮನ್ನು ಬರೆದು, ತಮ್ಮ ಹಿಂದೆಯೇ ಸ್ಟೂಲು ಹಾಕಿಕೊಂಡು ಕೂರುವ ನನ್ನ ಅಣ್ಣನೂ ಓದಿದರೆ ನನ್ನದೇನೂ ಅಭ್ಯಂತರವಿಲ್ಲ. ಆದರೆ ಪತ್ರ ಮಾತ್ರ ತಮಗೆ. ಅವನಿಗೂ ನನಗೂ ಮಾತಿಲ್ಲ ಎಂಬುದು ಇಡೀ ಬೀದಿಗೇ ಗೊತ್ತು.

ಮಾತು ನಿಂತದ್ದು ಒಂದು ಸ್ವೆಟರಿನಿಂದ. ಸಂಗೀತದ ಮೇಷ್ಟ್ರ ಉಣ್ಣೆಯ ಸ್ವೆಟರು ಬಿಸಿನೀರಿಗೆ ಬಿದ್ದು, ಅವರ ಮೊಮ್ಮಗನಿಗೂ ಬಿಗಿಯಾಗುವಷ್ಟು ಕುಗ್ಗಿ ಹೊರಬಂದಾಗ, ತಣ್ಣೀರು ಎಂದು ಕೌಂಟರಿನಿಂದ ಯಾವ ಮಹಾನುಭಾವನೂ ಹೇಳಿರಲಿಲ್ಲ ಎಂದು ನಾನೂ, ಕಣ್ಣಿದ್ದವನಿಗೆ ಉಣ್ಣೆ ಕಾಣಬೇಡವೇ ಎಂದು ಅವನೂ ಗಿರಾಕಿಗಳ ಎದುರಿಗೇ ಕೂಗಾಡಿಕೊಂಡೆವು. ಅಂದಿನಿಂದ "ಅವನಿಗೆ ಹೇಳು", "ಇವನಿಗೆ ಹೇಳು" ಎಂದು ಲಾಂಡ್ರಿ ನಡೆದದ್ದು ನಮ್ಮಕ್ಕನ ಬಾಯಲ್ಲಿ. ಅಂಗಡಿ ಅವಳದು, ನೋಯುವ ಕಾಲೂ ಅವಳದೇ. ಮುಂದಕ್ಕೂ ಹಿಂದಕ್ಕೂ ಓಡಾಡಿ ಸುಸ್ತಾದ ಅವಳು ಒಂದು ದಿನ ತಲೆ ಚಚ್ಚಿಕೊಂಡು, "ನೀವು ಮಾತಾಡದೇ ಇದ್ರೆ ಕತ್ತೆ ಬಾಲ, ನಿಮ್ಮ ಕಂಪ್ಯೂಟರುಗಳಾದ್ರೂ ಮಾತಾಡ್ಕೊಳ್ಳಲಿ" ಎಂದಳು. ಅಣ್ಣನೂ ನಾನೂ ಸಿ ಎಂಬ ಕಂಪ್ಯೂಟರ್ ಭಾಷೆಯನ್ನು ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಯಾವ ಬಟ್ಟೆ, ಯಾರದು, ಬಿಸಿನೀರೋ ತಣ್ಣೀರೋ ಎಂಬುದು ಕೌಂಟರಿನಿಂದ ಬರಬೇಕು, ಒಗೆದಾಯಿತು ಎಂಬುದು ಇಲ್ಲಿಂದ ಹೋಗಬೇಕು. ಕ್ಲೈಂಟನ್ನು ಅವನು ಬರೆಯುವುದು, ಸರ್ವರನ್ನು ನಾನು ಬರೆಯುವುದು ಎಂದು ಅಕ್ಕನ ಮೂಲಕವೇ ಒಪ್ಪಂದವಾಯಿತು. ಮೊದಲು ಬಾಯಿ ಬಿಡಬೇಕಾದವರು ಯಾರು ಎಂಬ ಒಂದು ವಿಷಯವನ್ನು ಮಾತ್ರ ನಾವು ಮಾತಾಡಿಕೊಳ್ಳಲಿಲ್ಲ. ಮಾತಾಡಿಕೊಳ್ಳುವ ಹಾಗಿದ್ದರೆ ಪ್ರೋಗ್ರಾಮಾದರೂ ಯಾಕೆ ಬೇಕಿತ್ತು, ಹೇಳಿ.

ಆ ಶುಭ ಮುಹೂರ್ತವನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ನನ್ನ ಸರ್ವರು ಸಾಕೆಟ್ ಎಂಬ ಮಾತಿನ ಕಿಂಡಿ ತೆರೆದು, ಬೈಂಡ್ ಎಂದು ತನ್ನದೊಂದು ಪೋರ್ಟ್, ಅಂದರೆ ಬಾಗಿಲ ನಂಬರು, ಹಿಡಿದು, ಲಿಸನ್ ಎಂದು ಕಿವಿ ನಿಮಿರಿಸಿ ಕುಳಿತಿತು. ತಾವೂ ಸಾಕೆಟ್ ತೆರೆದು, ಕನೆಕ್ಟ್ ಎನ್ನುತ್ತ ಬಂದು ಬಾಗಿಲು ತಟ್ಟಿದಿರಿ. ನನ್ನದು ಅಕ್ಸೆಪ್ಟ್ ಎಂದು ಬಾಗಿಲು ತೆರೆಯಿತು. ಆಹಾ, ಒಂದೇ ಒಂದು ತಪ್ಪಿಲ್ಲ, ಒಂದು ಸೊನ್ನೆಯೂ ಆಚೀಚೆಯಾಗಲಿಲ್ಲ! ಆಮೇಲೆ ತಾವು, ಎದುರಿನವರು ಹೇಳುವುದನ್ನು ಕೇಳಿಸಿಕೊಳ್ಳುವ ರಿಸೀವ್ ಎಂಬ ಆಜ್ಞೆಗೆ ಬಂದು ಬಾಯಿ ಮುಚ್ಚಿ ನಿಂತಿರಿ. ನನ್ನ ಸರ್ವರೂ ಅದೇ ಆಜ್ಞೆಗೆ ಬಂದು ಬಾಯಿ ಮುಚ್ಚಿ ನಿಂತಿತು. ಅಂದಿನಿಂದ ಇಂದಿನವರೆಗೂ ಇಬ್ಬರೂ ಹಾಗೆಯೇ ನಿಂತಿದ್ದೀರಿ.

ಅಕ್ಕ ನನ್ನ ಕೋಣೆಗೆ ಬಂದು ನಿನ್ನದು ಏನು ಮಾಡುತ್ತಿದೆ ಎಂದು ಕೇಳಿದಳು, ಕಾಯುತ್ತಿದೆ ಎಂದೆ. ಮುಂದಕ್ಕೆ ಹೋಗಿ ಅಣ್ಣನನ್ನು ಕೇಳಿದಳು. ಅವನೂ ಕಾಯುತ್ತಿದೆ ಎಂದನಂತೆ. "ಎರಡೂ ಕಾಯ್ತಾ ಕೂತ್ರೆ ಮಾತಾಡೋಕೆ ನಿಮ್ಮ ತಾತ ಬರ್ತಾನಾ?" ಎಂದು ಅವಳು ಅರಚಿದ್ದು ನಡುವಿನ ಗೋಡೆಯನ್ನು ದಾಟಿ ಸ್ಪಷ್ಟವಾಗಿ ಕೇಳಿಸಿತು. ಯಾವ ನೆಟ್‌ವರ್ಕಿನ ನೆರವೂ ಬೇಕಾಗಲಿಲ್ಲ.

ಇಲ್ಲಿ ನ್ಯಾಯ ಏನೆಂಬುದನ್ನು ತಾವೇ ಹೇಳಬೇಕು. ತಟ್ಟಿದವರು ತಾವು, ಬಂದ ಕೆಲಸವೇನೆಂದು ಬಂದವರೇ ತಾನೆ ಹೇಳಬೇಕಾದದ್ದು? ಬಂದವರನ್ನು "ಬನ್ನಿ" ಎಂದು ಮಾತಾಡಿಸುವುದು ಮನೆಯವರ ಮರ್ಯಾದೆ, ಅದರಲ್ಲೂ ಬಂದವರು ದೊಡ್ಡವರಾಗಿದ್ದಾಗ ಎಂಬುದು ತಮ್ಮ ಹಿಂದೆ ಕೂತವನ ವಾದವೆಂದು ಅಕ್ಕ ಬಂದು ಹೇಳಿದಳು. ತಮ್ಮ ಫೈಲಿಗೆ ನನ್ನ ಫೈಲಿಗಿಂತ ಅರ್ಧ ಗಂಟೆ ಹೆಚ್ಚು ವಯಸ್ಸಾಗಿದೆ ಎಂಬುದೂ ಆ ವಾದದಲ್ಲಿ ಸೇರಿತ್ತಂತೆ. ಇದಕ್ಕೆ ಏನನ್ನೋಣ!

ತಮ್ಮ ಮೌನದ ಮಹಿಮೆಯನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು. ಯಾವುದು ಯಾರ ಬಟ್ಟೆಯೆಂದು ತಿಳಿಯದೆ ನಾನು ಅಂದಾಜಿನ ಮೇಲೆ ಕಟ್ಟಿದ ಗಂಟುಗಳಿಂದ ಹೋಟೆಲಿನ ಅಡುಗೆಯವನಿಗೆ ವಕೀಲರ ಕಪ್ಪು ಕೋಟು ಹೋಯಿತು. ಅದನ್ನು ಹಾಕಿಕೊಂಡು ಅವನು ಒಲೆಯ ಮುಂದೆ ನಿಂತದ್ದೇ ತಡ, ಊಟ ಸರಿಯಿಲ್ಲ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲವಂತೆ. ವಕೀಲರು ಅಡುಗೆಯವನ ಏಪ್ರನ್ ಕಟ್ಟಿಕೊಂಡೇ ವಾದಿಸಿ ಕೇಸು ಗೆದ್ದರು, ಈಗ ಹಿಂದಿರುಗಿಸಲು ಒಲ್ಲೆ ಎನ್ನುತ್ತಿದ್ದಾರೆ. ಹೆಸರಿಲ್ಲದ ಕಾಲುಚೀಲಗಳು ನನ್ನ ಕೋಣೆಯಲ್ಲಿ ಕಿಟಕಿಯ ಮಟ್ಟಕ್ಕೆ ಬಂದಿರುವುದರಿಂದ ನನಗೆ ಹಗಲು ಯಾವುದು, ಸಂಜೆ ಯಾವುದು ಎಂದೂ ತಿಳಿಯುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಬೇಡಿಕೆಗಳು ಇಂತಿವೆ. ತಮ್ಮಲ್ಲಿ ಬರೆಯದೇ ಇರುವ ಸಾಲೊಂದನ್ನು ತಾವಾಗಿಯೇ ಬರೆದುಕೊಂಡು ಒಂದು ಮಾತಾಡಬೇಕು. ಮಾತು ಭಾರವೆನಿಸಿದರೆ ಒಂದು ಅಕ್ಷರ ಸಾಕು. ಅದೂ ಆಗದಿದ್ದರೆ ಗಂಟಲಿನದೊಂದು ಏರ್ಪಾಡು ಮಾಡಿಕೊಂಡು ಒಮ್ಮೆ ಕೆಮ್ಮಿದರೂ ನನ್ನ ಸರ್ವರು ಅದನ್ನೇ ಭಾಷಣವೆಂದು ಸ್ವೀಕರಿಸುತ್ತದೆ. ಅದೂ ಮರ್ಯಾದೆಗೆ ಕಡಿಮೆಯೆನಿಸಿದರೆ, ಹಿಂದಿನ ಸ್ಟೂಲಿನ ಮೇಲಿರುವವನನ್ನು ವೈರಿನೊಳಗೆ ತೂರಿಸಿ ಈಚೆಗೆ ಕಳಿಸಿಕೊಟ್ಟರೂ ಆದೀತು. ಸ್ವಲ್ಪ ದಪ್ಪಗಿದ್ದಾನೆ, ತುಂಡುತುಂಡಾಗಿ ಬಂದರೂ ಇಲ್ಲಿ ಜೋಡಿಸಿಕೊಳ್ಳುತ್ತೇನೆ.

ಇಷ್ಟು ಅವಸರವೇಕೆಂದರೆ, ಶನಿವಾರದೊಳಗೆ ಆ ಕಡೆಯಿಂದ ಈ ಕಡೆಗೆ ಒಂದು ಮಾತೂ ದಾಟದಿದ್ದರೆ ಇಬ್ಬರಲ್ಲಿ ಒಬ್ಬರು ಬೇರೆ ಕೆಲಸ ನೋಡಿಕೊಳ್ಳಬೇಕೆಂದು ಅಕ್ಕ ಹೇಳಿದ್ದಾಳೆ. ಯಾರು ಎಂಬುದನ್ನು ನಾವಿಬ್ಬರೂ ಮಾತಾಡಿಕೊಂಡು ತೀರ್ಮಾನಿಸಬೇಕಂತೆ! ಅವಳು ತಮಾಷೆ ಮಾಡುತ್ತಿಲ್ಲ. ಹೇಳುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಹೋಗಬಲ್ಲೆ, ಕೈಯಲ್ಲಿ ಕೆಲಸವಿದೆ. ಆದರೆ ಗೋಡೆಯ ಆಚೆಗೆ ಅವನು ಸೀನುವುದು ಕೇಳಿಸದ ಜಾಗದಲ್ಲಿ ನಾನು ಇದುವರೆಗೂ ಕೆಲಸ ಮಾಡಿದವನಲ್ಲ, ಮಾಡುವ ಮನಸ್ಸೂ ಇಲ್ಲ. ಇದನ್ನು ತಾವು ಯಾರಿಗೂ ಹೇಳಬಾರದು. ಹೇಗೂ ತಾವು ಏನನ್ನೂ ಹೇಳುವವರಲ್ಲವಲ್ಲ, ಆ ಧೈರ್ಯದಿಂದಲೇ ಬರೆದಿದ್ದೇನೆ.

ಇಷ್ಟಾದರೂ, ತೆರೆದ ಬಾಗಿಲಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಒಗೆಯುವ ಕೋಣೆಯ ತಮ್ಮ

ತಾ.ಕ.: ಈ ಪತ್ರವನ್ನು ಅಂಟಿಸಿ ಒಳಗೆ ಬಂದವನು, ಹಾಳಾಗಲಿ ಎಂದು ನನ್ನ ಸರ್ವರಿಗೆ ಒಂದು ಸಾಲು ಸೇರಿಸಿದೆ: ಯಾರೇ ಬಂದರೂ ಮೊದಲು "ಬಾ ಅಣ್ಣ" ಎನ್ನತಕ್ಕದ್ದು. ಅದೇ ಹೊತ್ತಿಗೆ ಅಲ್ಲಿ ಅಣ್ಣನೂ ತಮಗೊಂದು ಸಾಲು ಸೇರಿಸಿದ್ದನೆಂದು ಕಾಣುತ್ತದೆ, ಚಾಲೂ ಮಾಡಿದೆನೋ ಇಲ್ಲವೋ, ತಮ್ಮಿಂದಲೂ ಒಂದು ಮಾತು ಬಂದು ಬಿತ್ತು: "ಊಟ ಆಯ್ತೇನೋ?" ಬಟ್ಟೆಯ ವಿಷಯ ಬಿಟ್ಟು ಬೇರೇನೂ ತಿಳಿಯದ ನನ್ನ ಸರ್ವರು, "'ಊಟ ಆಯ್ತೇನೋ' ಎಂಬ ಬಟ್ಟೆ ಒಗೆಯಲು ಬಂದಿಲ್ಲ" ಎಂದು ಉತ್ತರಿಸಿದ್ದಕ್ಕೆ ಕ್ಷಮೆಯಿರಲಿ. ಮೊದಲು ಮಾತಾಡಿದವರು ತಾವೇ ಎಂದು ನನ್ನ ಗಡಿಯಾರ ಹೇಳುತ್ತದೆ, ನಾನೇ ಎಂದು ತಮ್ಮ ಗಡಿಯಾರ ಹೇಳುತ್ತದಂತೆ. ಈ ಶುದ್ಧ ಸುಳ್ಳನ್ನು ಸಾಧಿಸಲು ತಮ್ಮ ಹಿಂದಿನ ಸ್ಟೂಲಿನವನು ಗಿರಾಕಿಗಳನ್ನು ಅಲ್ಲೇ ಬಿಟ್ಟು, ಖುದ್ದಾಗಿ ಹಿಂದಿನ ಓಣಿಗೆ ನಡೆದು ಬಂದು, ಕಾಲುಚೀಲಗಳ ರಾಶಿಯ ಮೇಲೆ ಕೂತು ಮಧ್ಯಾಹ್ನದಿಂದ ನನ್ನ ಜೊತೆ ಗಂಟಲು ಹರಿಯುವಂತೆ ಜಗಳವಾಡುತ್ತಿದ್ದಾನೆ. ಅಲ್ಲಿ ಕೌಂಟರಿನಲ್ಲಿ ಈಗ ಯಾರೂ ಇಲ್ಲ. ಗಿರಾಕಿಗಳು ಬಂದರೆ ದಯವಿಟ್ಟು ತಾವೇ ಮಾತಾಡಿಸಿ.