ಕವಯಿತ್ರಿಯ ಗಂಡ

ಶ್ರೀಕರನ ಪದ್ಯಗಳು ಅವನ ಹೆಸರಿನಲ್ಲಿ ಪತ್ರಿಕೆಗಳಿಗೆ ಹೋದಾಗಲೆಲ್ಲ ಹೋದ ದಾರಿಯಲ್ಲೇ ವಾಪಸು ಬರುತ್ತಿದ್ದವು. ಬೆಳದಿಂಗಳು, ಕಾವೇರಿ, ನಲ್ಲೆಯ ಮುಂಗುರುಳು ಬಿಟ್ಟರೆ ಅವನಿಗೆ ಬೇರೆ ಲೋಕವಿರಲಿಲ್ಲ. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವಾಗಲೂ ಅರ್ಧ ಮನಸ್ಸು ಹೊಳೆಯ ದಂಡೆಯಲ್ಲೇ ಇರುತ್ತಿತ್ತು. ಒಮ್ಮೆ ರೋಸಿಹೋಗಿ, ದುಷ್ಟ ಗಂಡನೊಬ್ಬನನ್ನು ಕಲ್ಪಿಸಿಕೊಂಡು, ಅವನ ಹೆಂಡತಿಯ ಬಾಯಲ್ಲಿ ನಾಲ್ಕು ಬೆಂಕಿಯಂಥ ಪದ್ಯ ಬರೆದ. ಕೆಳಗೆ ತನ್ನ ಹೆಂಡತಿ ಅಪರ್ಣಳ ಹೆಸರು ಹಾಕಿ ಕಳಿಸಿದ. ಅಚ್ಚಾದವು. ಇನ್ನಷ್ಟು ಕೇಳಿದರು. ನೋಡನೋಡುತ್ತ ಪುಸ್ತಕವೇ ಬಂತು, ಹಿಂಬದಿಗೆ ಅಪರ್ಣಳ ಫೋಟೋ ಸಮೇತ.

ಈಗ ಕೆ.ಆರ್. ಪೇಟೆಯ ಮಹಿಳಾ ಸಂಘವೊಂದು ದಿಟ್ಟ ಕವಯಿತ್ರಿಗೆ ಸನ್ಮಾನ ಇಟ್ಟುಕೊಂಡಿತ್ತು. ಶ್ರೀಕರ ಹೆದರುತ್ತಲೇ ಹೆಂಡತಿಗೆ ವಿಷಯ ಹೇಳಿದ. ಅವಳು ಕೂಗಾಡಲಿಲ್ಲ, ಪುಸ್ತಕವನ್ನು ಆಗಲೇ ಓದಿದ್ದೇನೆ ಎಂದಳು, ಯಾವ ಸೀರೆ ಉಡಲಿ ಎಂದು ಕೇಳಿದಳು. ಬುದ್ಧಿ ಇದ್ದವನಾಗಿದ್ದರೆ ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದ. ಆದರೆ ಇವನ ಕಣ್ಣು ಇದ್ದದ್ದು ವೇದಿಕೆಯ ಮೇಲಿನ ಎರಡನೆಯ ಕುರ್ಚಿಯ ಮೇಲೆ. ನಮ್ಮ ಕಡೆ ಸನ್ಮಾನವೆಂದರೆ ದಂಪತಿ ಸಮೇತ ತಾನೆ? ಅವಳ ಪಕ್ಕದಲ್ಲಿ ಕೂತು, ತನ್ನದೇ ಚಪ್ಪಾಳೆಯನ್ನು ತಾನೇ ಕಿವಿತುಂಬ ಕೇಳಬೇಕು. ಜೀವನದಲ್ಲಿ ಅವನು ಬೇಡಿದ್ದು ಅದೊಂದನ್ನೇ.

ಬಸ್ಸು ಪಾಂಡವಪುರ ದಾಟಿದ್ದೇ ಅವನಿಗೆ ಗೊತ್ತಾಗಲಿಲ್ಲ. ಕಿಟಕಿಯಾಚೆ ಕಬ್ಬಿನ ಗದ್ದೆಗಳ ಮೇಲೆ ಮಂಜು ತೇಲುತ್ತಿತ್ತು, ಆ ಮಂಜಿನಲ್ಲಿ ಅವನೂ ಶಾಲು ಹೊದ್ದು ತೇಲುತ್ತಿದ್ದ. ಚಿನಕುರಳಿಯಲ್ಲಿ ಬೆಟ್ಟಮ್ಮ ಎಂಬ ಹೆಂಗಸು ಹತ್ತಿದಳು. ಅವಳೂ ಅದೇ ಸಮಾರಂಭಕ್ಕೆ ಹೊರಟವಳು, ಹಾಲಿನ ಡೈರಿಯಲ್ಲಿ ಯಾರೋ ಓದಿ ಹೇಳಿದ್ದ ಪದ್ಯಗಳೆಲ್ಲ ಅವಳಿಗೆ ಬಾಯಿಪಾಠ. ಫೋಟೋದ ಗುರುತಿನಿಂದ ಅಪರ್ಣಳ ಕೈ ಹಿಡಿದುಕೊಂಡವಳು, ಆಮೇಲೆ ಶ್ರೀಕರನನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರೇನವ್ವಾ, ಸಾರಿಗೆ ಉಪ್ಪು ಕಮ್ಮಿ ಆಯ್ತು ಅಂತ ತಟ್ಟೆ ಎಸ್ದೋರು?"

ಬಸ್ಸಿನ ಹೆಂಗಸರೆಲ್ಲ ತಿರುಗಿದರು. ಅದು ಪದ್ಯ, ಬರೀ ಕಲ್ಪನೆ ಎಂದು ಶ್ರೀಕರ ತೊದಲಿದ. ಕಂಡಕ್ಟರು ಕೂಡ ನಂಬಲಿಲ್ಲ.

"ಎದ್ದು ವಸಿ ನಿಂತ್ಕಳಿ ಸ್ವಾಮಿ," ಎಂದಳು ಬೆಟ್ಟಮ್ಮ. "ಆ ಎಣ್ಮಗ್ಳು ಮದ್ವೆ ಆದಾಗ್ಲಿಂದ ನಿಂತೇ ಅವ್ಳೆ."

ಕೆ.ಆರ್. ಪೇಟೆಯವರೆಗೂ ಅವನು ಕಂಬಿ ಹಿಡಿದು ಜೋತಾಡಿದ. ಸಭಾಂಗಣದಲ್ಲಿ ತಿಂಡಿ ಬಡಿಸುವವಳು ಉಪ್ಪಿಟ್ಟು ಹಾಕಿ, ಉಪ್ಪು ಸಾಲದಿದ್ದರೆ ಕೇಳಿ, ಎಸೆಯಬೇಡಿ ಎಂದು ವಿನಯದಿಂದಲೇ ಹೇಳಿದಳು. ಶ್ರೀಕರ ಅದನ್ನೂ ನುಂಗಿಕೊಂಡ. ಕುರ್ಚಿಯೊಂದು ಸಿಕ್ಕಿದರೆ ಸಾಕಿತ್ತು.

ಆದರೆ ವೇದಿಕೆಯ ಮೇಲೆ ಇದ್ದದ್ದು ಒಂದೇ ಕುರ್ಚಿ. ಸಂಘದ ಅಧ್ಯಕ್ಷೆ ಮಂಗಳಮ್ಮ ಅವನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು: "ಬೇಜಾರ್ ಮಾಡ್ಕಬ್ಯಾಡಿ. ಎರಡು ಕುರ್ಚಿನೇ ಆಕ್ಸಿದ್ದೊ. ಪುಸ್ತಕ ಓದಿದ್ಮ್ಯಾಕೆ ಒಂದ ತೆಗೆಸ್ಬುಟ್ಟೊ."

ಅವನು ಕಡೆಯ ಸಾಲಿನಲ್ಲಿ ಬೆಟ್ಟಮ್ಮನ ಪಕ್ಕ ಕೂತ. ಅಪರ್ಣಳಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮಂಗಳಮ್ಮ ತಟ್ಟೆಯ ಪದ್ಯವನ್ನು ಓದಿದಾಗ ಸಭೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಎಂಥ ಚಪ್ಪಾಳೆ. ಅಷ್ಟೂ ತನ್ನದು, ಒಂದೂ ತನಗಲ್ಲ. ಶ್ರೀಕರನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಆ ಪದ್ಯ ಬರೆದವನು ನಾನು," ಎಂದ.

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಬೆಟ್ಟಮ್ಮ ನಿಟ್ಟುಸಿರು ಬಿಟ್ಟಳು. "ನೋಡ್ರವ್ವಾ, ಇದೊಂದು ಬಾಕಿ ಇತ್ತು. ಅವ್ಳ ಪದ್ಯಾನೂ ಕಿತ್ಕಳಕ್ಕೆ ನಿಂತವ್ರೆ."

ಶ್ರೀಕರ ದೈನ್ಯದಿಂದ ಹೆಂಡತಿಯತ್ತ ನೋಡಿದ. ಅಪರ್ಣ ಮೈಕು ಹತ್ತಿರಕ್ಕೆಳೆದುಕೊಂಡಳು.

"ಅವರು ಹೇಳ್ತಿರೋದು ನಿಜ. ಬರೆದದ್ದು ಅವರೇ. ಅನುಭವಿಸಿದ್ದು ಮಾತ್ರ ನಾನು."

ಇದೂ ಕವಿತೆಯೇ ಎಂದುಕೊಂಡ ಸಭೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಶ್ರೀಕರ ಕುಸಿದು ಕೂತ.

ವಾಪಸು ಬರುವಾಗ ನಾಲೆಯ ನೀರಿನ ಮೇಲೆ ಸಂಜೆ ಬಿಸಿಲು ನಿದ್ದೆಗಣ್ಣಿನಲ್ಲಿ ಮಲಗಿತ್ತು. ಎಂದಿನಂತಿದ್ದರೆ ಇವನು ಅಲ್ಲೊಂದು ಪದ್ಯ ಹೊಸೆಯುತ್ತಿದ್ದ. ಇವತ್ತು ಮುಖ ಊದಿಸಿಕೊಂಡು, ಊಹೆಯ ಮಾತನ್ನು ಅನುಭವ ಅಂತ ಯಾಕೆ ಹೇಳಿದೆ, ನಾನು ಯಾವತ್ತಾದರೂ ತಟ್ಟೆ ಎಸೆದದ್ದುಂಟೇ ಎಂದು ಕೇಳಿದ.

ಅಪರ್ಣ ಹಣ್ಣಿನ ಬುಟ್ಟಿಯಿಂದ ಒಂದು ಸಪೋಟ ತೆಗೆದು ಅವನ ಕೈಗಿಟ್ಟಳು. "ಊಟದ ಮನೆ ಗೋಡೆಗೆ ಕ್ಯಾಲೆಂಡರು ನೇತುಹಾಕಿದ್ದೀನಲ್ಲ, ಪ್ರತಿ ವರ್ಷ ಅದೇ ಮೊಳೆಗೆ. ಮನೆಗೆ ಹೋದ ಮೇಲೆ ಒಂದು ಸಲ ಎತ್ತಿ ನೋಡಿ."

ಅವನು ನೋಡಿದ. ಸುಣ್ಣದ ಮೇಲೆ ಸಾರಿನ ಬಣ್ಣದ ಕಲೆ, ಹರಡಿ ಇಳಿದು ಒಣಗಿದ್ದು, ಅಲ್ಲಿತ್ತು. ಮದುವೆಯಾದ ಹೊಸತು, ಹುರುಳಿ ಸಾರು. ಆ ಕಾಲದ ಬೆಳದಿಂಗಳು, ಹೊಳೆ, ಮುಂಗುರುಳು ಎಲ್ಲ ಅವನಿಗೆ ಚೆನ್ನಾಗಿ ನೆನಪಿದ್ದವು. ಇದೊಂದು ಮಾತ್ರ ಕಲ್ಪನೆಯಾಗಿಬಿಟ್ಟಿತ್ತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕ್ಯಾಲೆಂಡರನ್ನು ಸದ್ದಿಲ್ಲದೆ ಬಿಟ್ಟು ತಟ್ಟೆಯ ಮುಂದೆ ಕೂತ.

ಅಪರ್ಣ ಸಾರು ಬಡಿಸಿ, ಉಪ್ಪು ಸರಿಯಾಗಿದೆಯಾ ಎಂದು ಕೇಳಿದಳು.

"ಹದವಾಗಿದೆ," ಎಂದ ಶ್ರೀಕರ.

ಅವಳು ಸಾರಿಗೆ ಇನ್ನೂ ಉಪ್ಪೇ ಹಾಕಿರಲಿಲ್ಲ.